ಗದ್ದೆಗೆ ಬಡಿಸಿದ ಸೊಪ್ಪು

ಕೊರೊನಾ ಗಲಾಟೆ ತಣ್ಣಗಾದ ಮರುವರ್ಷದ ಮಾತು. ನನ್ನ ಮಗಳು ಸುಮಾ ಚೊಚ್ಚಲ ಹೆರಿಗೆಗೆಂದು ಶಿಕಾರಿಪುರದ ನಮ್ಮ ಮನೆಗೆ ಬಂದಿದ್ದಳು. ಏಳು ತಿಂಗಳು ತುಂಬಿತ್ತು. ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿದವರೇ ನನ್ನ ಮೇಲೆ ಹರಿಹಾಯ್ದರು. "ಏನ್ರೀ, ಮಗಳಿಗೆ ಊಟ ಹಾಕ್ತೀರೋ ಇಲ್ವೋ? ಮೈಯಲ್ಲಿ ರಕ್ತಾನೇ ಇಲ್ಲ. ಮಾತ್ರೆ ಜೊತೆ ಸೊಪ್ಪು, ತರಕಾರಿ ಚೆನ್ನಾಗಿ ತಿನ್ನಬೇಕು. ಹಿಂಗೇ ಇದ್ರೆ ಹೆರಿಗೆ ಹೊತ್ತಿಗೆ ತಾಯಿಗೂ ಕಷ್ಟ, ಮಗೂಗೂ ಕಷ್ಟ."

ಹಾಕ್ತೀನ್ರೀ, ಆದರೆ ತಿನ್ನಬೇಕಲ್ಲ! ನಮ್ಮ ಮನೆಯ ಊಟದ ಕಥೆ ಅವರಿಗೇನು ಗೊತ್ತು? ನಾನು ಸೊರಬದ ಕಡೆಯವಳು, ಬೇಲಿ ಮೇಲಿನ ಬಳ್ಳಿಯ ಕುಡಿಯನ್ನೂ ಬಿಡದೆ ಪಲ್ಯ ಮಾಡಿ ತಿಂದು ಬೆಳೆದವಳು. ನಮ್ಮ ಯಜಮಾನರಿಗೋ ರೊಟ್ಟಿ, ಶೇಂಗಾ ಚಟ್ನಿ, ಬೇಳೆಸಾರು, ಆಲೂಗಡ್ಡೆ ಇದ್ದರೆ ಮುಗೀತು. ಮೆಕ್ಕೆಜೋಳದ ವ್ಯಾಪಾರಕ್ಕೆ ದಿನಾ ಮಾರ್ಕೆಟ್ಟಿಗೆ ಹೋಗುವ ಮನುಷ್ಯ ಒಂದು ದಿನವೂ ಒಂದು ಕಟ್ಟು ಸೊಪ್ಪು ತಂದವರಲ್ಲ. "ಸೊಪ್ಪು ಕುರಿಗೆ ಹಾಕೋದು" ಅಂತ ಮಗಳ ಎದುರೇ ಅಂದೂ ಅಂದೂ ಅವಳೂ ಅಪ್ಪನ ಪಡಿಯಚ್ಚಾದಳು. ಸಾರಿನ ಕರಿಬೇವನ್ನೂ ಎತ್ತಿ ತಟ್ಟೆಯ ಅಂಚಿಗಿಡುತ್ತಾಳೆ.

ಸರಿ, ಕದ್ದು ತಿನ್ನಿಸೋಣ ಅಂತ ಹೊರಟೆ. ನುಗ್ಗೆಸೊಪ್ಪು ರುಬ್ಬಿ ರೊಟ್ಟಿ ಹಿಟ್ಟಿಗೆ ಕಲಸಿದೆ. ಬೀಟ್‌ರೂಟ್ ತುರಿದು ದೋಸೆ ಹಿಟ್ಟಿಗೆ ಹಾಕಿದೆ. ಮಹಾರಾಯ್ತಿ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅವ್ವಾ, ಇದರಾಗ ಏನು ಹಾಕಿದಿ?" ಅಂದಳು. ಯಜಮಾನರೂ ತಮ್ಮ ರೊಟ್ಟಿ ತಿರುಗಿಸಿ ನೋಡಿ, "ಎಲಾ ಇವಳ, ನಂದೂ ಹಸುರಾಗೈತಲ್ಲೇ!" ಅಂತ ರಾಗ ತೆಗೆದರು. ಅವತ್ತಿನಿಂದ ನಾನು ಏನು ಮಾಡಿದರೂ ಅವಳಿಗೆ ಅನುಮಾನ. ರೊಟ್ಟಿ ಬಿಟ್ಟಳು, ದೋಸೆ ಬಿಟ್ಟಳು, ಬರೀ ಮೊಸರನ್ನಕ್ಕೆ ಬಂದು ನಿಂತಳು. ಜಾಣತನ ತೋರಿಸಲು ಹೋಗಿ ಇದ್ದ ಊಟವನ್ನೂ ಬಿಡಿಸಿದ್ದೆ. ಅವಳ ಬಿಳಿಚಿಕೊಂಡ ಮುಖ ನೋಡಲಾಗದೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಿದ್ದೂ ಉಂಟು.

ಅಷ್ಟರಲ್ಲಿ ಭೂಮಿ ಹುಣ್ಣಿಮೆ ಬಂತು. ಚಂದ್ರಗುತ್ತಿ ಹತ್ತಿರದ ನನ್ನ ತವರಿನಿಂದ ಅಣ್ಣ ಫೋನ್ ಮಾಡಿ, "ಸುಮನ್ನ ಕರ್ಕಂಡು ಬಾ, ಹವಾ ಬದಲಾಗ್ತದೆ" ಅಂದ. ಭತ್ತದ ಪೈರು ಒಳಗೆ ತೆನೆ ಕಟ್ಟಿ ಹೊಡೆ ತುಂಬುವ ಕಾಲ ಅದು. ಭೂಮಿ ಬಸುರಿ ಎಂದು ನಮ್ಮ ಕಡೆ ಅವಳ ಬಯಕೆ ತೀರಿಸುತ್ತಾರೆ. ಸಿಕ್ಕ ಸಿಕ್ಕ ಸೊಪ್ಪು, ಕುಡಿ, ಕಾಯಿಗಳನ್ನೆಲ್ಲ ಸೇರಿಸಿ ಬೇಯಿಸಿದ ಹಚ್ಚಂಬಲಿಯನ್ನು ಬೆಳಗಾಗುವ ಹೊತ್ತಿಗೆ ಗದ್ದೆಗೆ ಬೀರುತ್ತಾರೆ. ಯಜಮಾನರೂ ಸೇರಿ ಹಿಂದಿನ ದಿನವೇ ಮೂವರೂ ಹೋದೆವು.

ಬೆಳಗ್ಗೆ ಅಣ್ಣ ಬುಟ್ಟಿ ಹೊತ್ತು ಹೊರಟಾಗ ಸುಮಾ, "ನಾನೂ ಬರ್ತೀನಿ ಮಾವ" ಅಂದಳು. ಅತ್ತಿಗೆ ಅನುಮಾನಿಸಿದಳು. ಅಣ್ಣ, "ಬರ್ಲಿ ಬಿಡೇ, ಬಸುರಿ ಬಸುರೀನ ನೋಡಿದ್ರೆ ಏನಾಗ್ತದೆ?" ಎಂದು ನಕ್ಕ. ನಾನು ಅವಳ ಕೈ ಹಿಡಿದುಕೊಂಡು ಗದ್ದೆಯ ಅಂಚಿನ ಮೇಲೆ ನಿಧಾನವಾಗಿ ನಡೆಸಿದೆ.

ಗುಡ್ಡ ಕಾಣದಷ್ಟು ಮಂಜು. ಅಣ್ಣ ಗದ್ದೆ ಅಂಚಿನಲ್ಲಿ ನಿಂತು ಹಚ್ಚಂಬಲಿಯನ್ನು ಕೈತುಂಬ ತೆಗೆದು ಬೀರಿದ. "ಹರಿವೆ ತಂದೀನಿ, ಬಸಳೆ ತಂದೀನಿ, ಕೆಸು ತಂದೀನಿ, ಅಮಟೆಕಾಯಿ ತಂದೀನಿ... ಬಾರವ್ವ ತಾಯಿ, ಉಂಡ್ಕೋ!" ಎಂದು ಗಟ್ಟಿಯಾಗಿ ಕೂಗಿದ. ಅವನ ದನಿ ನಿಲ್ಲುವಷ್ಟರಲ್ಲಿ ಪಕ್ಕದ ಗದ್ದೆಯಿಂದ ಇನ್ನೊಂದು ಕೂಗು. ಅದರಾಚೆಯಿಂದ ಮತ್ತೊಂದು. ಒಬ್ಬರ ಮುಖವೂ ಕಾಣದು. ಇಡೀ ಬಯಲು ಯಾರನ್ನೋ ಊಟಕ್ಕೆ ಕರೆಯುತ್ತಿತ್ತು. ಚಿಕ್ಕಂದಿನಿಂದ ನೋಡಿದ್ದ ಹಬ್ಬವೇ. ಆದರೂ ಅವತ್ತು ನನ್ನ ಮೈ ಜುಮ್ಮೆಂದಿತು.

ಸುಮಾ ಬಗ್ಗಿ ಒಂದು ಹೊಡೆಯನ್ನು ಕೀಳಲು ಹೋದಳು. ಅಣ್ಣ ತಡೆದ. "ಕೀಳಬ್ಯಾಡ. ಇವತ್ತು ಕತ್ತಿ ಸೈತ ಗದ್ದೆಗೆ ತರಾಂಗಿಲ್ಲ. ಮೆಲ್ಲಗೆ ಸವರಿ ನೋಡು." ಅವಳು ಎರಡು ಬೆರಳಲ್ಲಿ ಸವರಿದಳು. ಉಬ್ಬಿದ ಹಸಿರು ಹೊಡೆ, ಒಳಗೆ ಇನ್ನೂ ಕಣ್ಣು ಬಿಡದ ತೆನೆ. "ಒಳಗೈತೆ ಮಾವ, ಕೈಗೆ ಸಿಗ್ತೈತೆ!" ಅಂದಳು. ಇನ್ನೊಂದು ಕೈ ತಾನಾಗೇ ಅವಳ ಹೊಟ್ಟೆಯ ಮೇಲೆ ಹೋಗಿತ್ತು. ಬಹಳ ಹೊತ್ತು ಹಾಗೇ ನಿಂತಿದ್ದಳು. ಮಂಜಿನಲ್ಲಿ ಇನ್ನೂ ಕೂಗು ಕೇಳುತ್ತಿತ್ತು.

ಮಧ್ಯಾಹ್ನ ಪೂಜೆ ಮುಗಿಸಿ ಗದ್ದೆಯಲ್ಲೇ ಎಲೆ ಹಾಕಿ ಕೂತೆವು. ಅತ್ತಿಗೆ ಹಚ್ಚಂಬಲಿ ಹಿಡಿದು ಬಂದವಳು ಸುಮಾಳ ಎಲೆಯ ಮುಂದೆ ನಿಂತಳು. "ನಿಂಗೆ ಬ್ಯಾಡ ಅಲ್ವೇನೆ?"

"ಹಾಕಿ ಅತ್ತೆ."

ಮುಖ ಕಿವುಚಿಕೊಂಡೇ ಮೊದಲ ತುತ್ತು ನುಂಗಿದಳು. ಎರಡನೆಯದಕ್ಕೆ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ಎಲೆಯನ್ನು ಮುಂದೆ ತಳ್ಳಿ ಇನ್ನಷ್ಟು ಹಾಕಿಸಿಕೊಂಡಳು. ನಾನು ಕೈಯಲ್ಲಿದ್ದ ತುತ್ತು ಮರೆತು ನೋಡುತ್ತ ಕೂತಿದ್ದೆ. ಅವಳಪ್ಪನೂ ಬಾಯಿ ತೆರೆದು ನೋಡುತ್ತಿದ್ದರು. ಅವಳು ತಿರುಗಿ, "ಏನು ನೋಡ್ತೀರಿ ಅಪ್ಪಾಜಿ? ಭೂಮ್ತಾಯೇ ಉಂಡಾಳ, ನಿಮ್ಮದೇನು ಹೆಚ್ಚುಗಾರಿಕೆ?" ಅಂದಳು. ಪಾಪ, ಅವರೂ ತಲೆ ತಗ್ಗಿಸಿ ಉಂಡರು!

ಊರಿಗೆ ಬಂದ ಮೇಲೆ ನಾನು ಏನನ್ನೂ ಬಚ್ಚಿಡಲಿಲ್ಲ. "ಇದು ಹರಿವೆ, ಇದು ಬಸಳೆ" ಎಂದು ಹೇಳಿಯೇ ಬಡಿಸಿದೆ. ಎಲ್ಲವನ್ನೂ ತಿಂದಳೆಂದು ಸುಳ್ಳು ಹೇಳಲಾರೆ, ಬದನೆಕಾಯಿ ಇವತ್ತಿಗೂ ಅಂಚಿಗೇ. ಆದರೂ ಹೆರಿಗೆ ಹೊತ್ತಿಗೆ ರಕ್ತ ಸುಧಾರಿಸಿತ್ತು, ಹೆಣ್ಣು ಕೂಸು ದುಂಡಗೆ ಹುಟ್ಟಿತು. ಮಾತ್ರೆಯ ಪಾಲು ಎಷ್ಟೋ, ಸೊಪ್ಪಿನ ಪಾಲು ಎಷ್ಟೋ, ದೇವರಿಗೇ ಗೊತ್ತು.

ಆ ಕೂಸಿಗೀಗ ಮಾತು ಬಂದಿದೆ, ಹಟವೂ ಬಂದಿದೆ. ಮೊನ್ನೆ ಸೊಪ್ಪಿನ ತುತ್ತು ಕಂಡು ತುಟಿ ಬಿಗಿ ಹಿಡಿದು ಕೂತಿತ್ತು. ಬೈಯಲು ನಾನು ಬಾಯಿ ತೆರೆದೆ. ಸುಮಾ ನನಗೆ ಕಣ್ಸನ್ನೆ ಮಾಡಿ, ತುತ್ತು ಮುಂದೆ ಹಿಡಿದು, ಅಣ್ಣನ ಅದೇ ರಾಗದಲ್ಲಿ ಕರೆದಳು: "ಹರಿವೆ ತಂದೀನಿ... ಬಾರವ್ವ ತಾಯಿ, ಉಂಡ್ಕೋ!"

ಕೂಸು ಬಾಯಿ ತೆರೆಯಿತು.