ಎಡೆ ಸ್ಕ್ರೂ

ನಮ್ಮ ಬಡಗಿ ಆಚಾರ್ರ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಸ್ಕ್ರೂಗಳಿರುತ್ತಿದ್ದವು. ಕಚ್ಚಿಕೊಂಡೇ ಮಾತಾಡುವರು, ಕಚ್ಚಿಕೊಂಡೇ ನಗುವರು. ಒಂದು ದಿನ ಬಿಟ್ಟರೆ ಅವರು ಸ್ಕ್ರೂ ಬೀಳಿಸಿದ್ದನ್ನು ನಾನು ಕಂಡಿಲ್ಲ. ಅರ್ಧ ಮಾತು ಮಾತ್ರ ನಮಗೆ ತಲುಪುತ್ತಿರಲಿಲ್ಲ.

ಮುಂಬಯಿಯಲ್ಲಿ ಬಹಳ ವರ್ಷ ಮರಗೆಲಸ ಮಾಡಿ ಊರಿಗೆ ಮರಳಿದ್ದ ಅವರಿಗೇ ಹಂಗಾರಕಟ್ಟೆಯ ನಮ್ಮ ಹೊಸ ಮನೆಯ ಕೆಲಸ ಕೊಟ್ಟಿದ್ದೆವು. ಹಳೆಮನೆಯಲ್ಲಿ ಹೊಳೆಗಾಳಿಗೆ ಗೋಡೆಯೆಲ್ಲ ಬೂಷ್ಟು ಹಿಡಿದು ಅಮ್ಮನ ಕೆಮ್ಮು ನಿಂತಿರಲಿಲ್ಲ. ಇಲ್ಲಾದರೂ ಅವಳ ಕೋಣೆ ಒಣಗಿರಬೇಕೆಂಬುದೊಂದೇ ನನ್ನ ಹಟ. ಗೋಡೆಗೆ ಹಲಗೆ ಹೊದಿಸೋಣವೇ ಎಂದೆ.

"ಹೊದ್ಸುವ. ಆದ್ರೆ ಹಲ್ಗಿ ಗ್ವಾಡಿಗ್ ತಾಗೂಕಾಗ" ಎಂದವರು ಮುಂಬಯಿಯಿಂದ ಒಂದು ಪೊಟ್ಟಣ ತರಿಸಿದರು. ಅದರಲ್ಲಿದ್ದ ಸ್ಕ್ರೂ ವಿಚಿತ್ರದ್ದು. ಬಲಕ್ಕೆ ತಿರುಗಿಸಿದರೆ ಹಲಗೆ ಗೋಡೆಯತ್ತ ಸರಿಯುತ್ತದೆ, ಎಡಕ್ಕೆ ತಿರುಗಿಸಿದರೆ ಈಚೆ ಬರುತ್ತದೆ, ಬಿಟ್ಟಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಕಿರುಬೆರಳು ತೂರುವಷ್ಟು ಎಡೆ ಬಿಟ್ಟು ಅವರು ಹಲಗೆ ಕೂರಿಸಿದರು. ಆ ಸ್ಕ್ರೂವಿಗೆ ಅವರಿಟ್ಟ ಹೆಸರು 'ಎಡೆ ಸ್ಕ್ರೂ'.

ಹೊಸ ಮನೆ ಹೊಗುವ ಒಕ್ಕಲಿನ ಮುನ್ನಾದಿನ ಆಚಾರ್ರು ಊಟಕ್ಕೆ ಹೋದರು. ನಿವೃತ್ತ ಮೇಷ್ಟ್ರಾದ ಅಪ್ಪಯ್ಯನಿಗೆ ಆ ಎಡೆ ಕಣ್ಣಿಗೆ ಬಿತ್ತು. ಸಡಿಲವಾದದ್ದನ್ನು ಬಿಗಿಮಾಡದೆ ಕೂರುವ ಜಾತಿಯಲ್ಲ ಅವರು. ಸ್ಕ್ರೂಗಳ ಸಂದಿಯಿಂದ ಬಂದ 'ಎಡೆ'ಯನ್ನು 'ಎಡ' ಎಂದು ಕೇಳಿಸಿಕೊಂಡಿದ್ದರು ಬೇರೆ! ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಸ್ಕ್ರೂ ಎಂದೇ ನಂಬಿ ಸ್ಕ್ರೂಡ್ರೈವರ್ ಹಿಡಿದರು. ಬಿಗಿಮಾಡಿದಷ್ಟೂ ಹಲಗೆಗಳು ಹೊಟ್ಟೆ ಮುಂದೆ ಮಾಡಿಕೊಂಡು ಅವರ ಮೇಲೇ ಬಂದವು. ಒಂದು ಪಟ್ಟೆಂದು ಸೀಳಿತು.

ಆಗಲೇ ಸ್ಕ್ರೂ ಕಚ್ಚಿಕೊಂಡು ಒಳಬಂದ ಆಚಾರ್ರ ಬಾಯಿಂದ ಎಲ್ಲವೂ ನೆಲಕ್ಕುದುರಿದವು.

"ಹ್ವಾಯ್ ಮಾಷ್ಟ್ರೇ, ಎಂತ ಮಾಡಿದ್ರಿ?"

"ಎಡ ಸ್ಕ್ರೂ ಅಂದೇಳಿ ನೀವೇ ಹೇಳಿದ್ದಲ್ದಾ?"

"ಎಡ ಅಲ್ಲ, ಎಡೆ! ಗ್ವಾಡಿಗೂ ಉಸ್ರ್ ಬೇಕಲ್ದಾ?"

ಅವರ ಮಾತು ನಮಗೆ ಪೂರ್ತಿ ಕೇಳಿದ್ದು ಅವತ್ತೇ. ಮರುಕ್ಷಣ ಇಬ್ಬರೂ ನಕ್ಕದ್ದೇ ನಕ್ಕದ್ದು. ನಾಳೆ ಒಕ್ಕಲು ಎಂದು ನನಗೆ ಅಳು ಬರುವಂತಾಗಿತ್ತು. ಅಪ್ಪಯ್ಯನಿಂದಲೇ ಹಲಗೆ ಹಿಡಿಸಿ, ಸೀಳಿದ್ದನ್ನು ಬದಲಿಸಿ, ದೀಪ ಹಚ್ಚುವ ಹೊತ್ತಿಗೆ ಆಚಾರ್ರು ಎಲ್ಲ ಸರಿಮಾಡಿದರು.

ಆ ಮಳೆಗಾಲ ಅಮ್ಮ ಕೆಮ್ಮದೆ ಮಲಗಿದಳು. ಆಮೇಲೆ ಪ್ರತಿ ಮಳೆಗಾಲವೂ ಆಚಾರ್ರು ಬಂದು, ಚಾ ಕುಡಿಯುವ ಮೊದಲು ಎಡೆಯಲ್ಲಿ ಕಿರುಬೆರಳಾಡಿಸಿ, "ಮಾಷ್ಟ್ರು ಮತ್ತೆ ಬಿಗಿ ಮಾಡ್ಲಿಲ್ಯಲೆ?" ಎನ್ನುತ್ತಿದ್ದರು. ಅಮ್ಮನ ನೆಮ್ಮದಿಯ ನಿದ್ದೆಗೆ ನಾನು ಅವರಿಗೆ ಋಣಿ.

ಆಚಾರ್ರು ತೀರಿಹೋಗಿ ಎರಡು ಮಳೆಗಾಲವಾಯಿತು. ಈಗ ಮೊದಲ ಮಳೆ ಬಿದ್ದ ದಿನ ಅಪ್ಪಯ್ಯನೇ ಅಮ್ಮನ ಕೋಣೆಗೆ ಹೋಗಿ, ಹಲಗೆಯ ಹಿಂದೆ ಕಿರುಬೆರಳು ತೂರಿಸಿ, ಗೋಡೆಗೆ ಹೇಳುತ್ತಾರೆ:

"ಇತ್ತ್ ಆಚಾರ್ರೇ, ಎಡೆ ಈಗ್ಳೂ ಇತ್ತ್."