ಹೋಗಿ ಬಾ ಎಂದು ಕಳುಹಿಸಿದ ಕಾರು

ನಾನು ಕುಮಟೆಯ ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಪ್ರತಿ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸವಕಳಿಯ ಪಾಠ ಬರುತ್ತದೆ. ಕೊಂಡ ವಸ್ತು ಬಳಸಿದಂತೆಲ್ಲ ಸವೆಯುತ್ತದೆ, ಬಳಸದೆ ಇಟ್ಟರೂ ಸವೆಯುತ್ತದೆ. ಉದಾಹರಣೆಗೆ ನಾನು ಹೇಳುತ್ತಿದ್ದದ್ದು ಕಾರು. ಹೊಸ ಕಾರಿಗೆ ಪೂಜೆ ಮಾಡಿಸಿ ಹಾಕಿದ ಹಾರ ಬಾಡುವುದರೊಳಗೆ ಅದರ ಬೆಲೆ ಬಿದ್ದಿರುತ್ತದೆ. ಆಮೇಲೆ ವರ್ಷ ವರ್ಷವೂ ಉಳಿದದ್ದರಲ್ಲಿ ಒಂದು ಪಾಲು ಕಳೆಯುತ್ತ ಹೋಗುವುದು ಒಂದು ವಿಧಾನ. ಅದರಲ್ಲಿ ಒಂದು ವಿಚಿತ್ರವಿದೆ. ಎಷ್ಟು ಕಳೆದರೂ ಶಿಲ್ಕು ಸೊನ್ನೆಯಾಗುವುದಿಲ್ಲ. "ಹಂಗಾರೆ ಕಡೆಗೆ ಉಳಿಯೂದು ಎಂತ ಮೇಡಂ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. "ಏನೋ ಒಂದು ಉಳಿಯುತ್ತದೆ, ಅದನ್ನು ಗುಜರಿಯವ ನೋಡಿಕೊಳ್ಳುತ್ತಾನೆ" ಎಂದು ನಾನು ತಮಾಷೆ ಮಾಡುತ್ತಿದ್ದೆ. ಈಗ ಆ ತಮಾಷೆ ಮಾಡುವುದನ್ನು ಬಿಟ್ಟಿದ್ದೇನೆ.

ಕಾರು ಬೇಕಾಗಿದ್ದು ಅತ್ತೆಗಾಗಿ. ಅವರ ಮೂತ್ರಪಿಂಡ ಕೈಕೊಟ್ಟಿತ್ತು. ವಾರದಲ್ಲಿ ಎರಡು ಸಲ ಹೊನ್ನಾವರದ ನಮ್ಮ ಮನೆಯಿಂದ ಕುಮಟೆಗೆ ಡಯಾಲಿಸಿಸ್‌ಗೆ ಹೋಗಬೇಕು. ತಪ್ಪಿಸಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ, ಇನ್ನೂ ತಪ್ಪಿಸಿದರೆ ಏನಾಗುತ್ತದೆಂದು ಡಾಕ್ಟರು ಹೇಳಿದ್ದರು. ಮೊದಮೊದಲು ಬಸ್ಸಿನಲ್ಲೇ ಹೋಗುತ್ತಿದ್ದರು. ಬಸ್ಸಿನ ಮೆಟ್ಟಿಲು ಹತ್ತುವುದು ಆಗದೇ ಹೋದಾಗ ಕಾರಿನ ಮಾತು ಬಂತು.

ಮಾತು ಬಂದದ್ದೇ ತಡ, ನನ್ನ ಗಂಡನ ಕಣ್ಣು ಹೊಳೆಯಿತು. ಔಷಧ ಮಾರುವ ಕೆಲಸದಲ್ಲಿ ಭಟ್ಕಳ, ಹೊನ್ನಾವರ, ಕುಮಟೆ ಎಂದು ಬೈಕಿನಲ್ಲಿ ಓಡಾಡಿ ಸೊಂಟ ಕಳೆದುಕೊಂಡ ಮನುಷ್ಯ. ಕಾಯಿಲೆಯ ತಾಯಿಗೆಂದು ಹೊರಟವರು ಆರಿಸಿದ್ದು ನೆಲಕ್ಕೆ ಹೊಟ್ಟೆ ತಾಗುವಂಥ, ಹಿಂದಿನ ಚಾವಣಿ ಇಳಿಜಾರಾದ, ಕಾಲಿಟ್ಟರೆ ಜಿಗಿಯುವ ಸ್ಪೋರ್ಟಿ ಸೆಡಾನ್. ಅತ್ತೆಯ ಮಂಡಿ ಹಿಂದಿನ ಸೀಟಿನಲ್ಲಿ ಮಡಚುವುದಿಲ್ಲ ಎಂದೆ. ಮುಂದಿನ ಸೀಟನ್ನು ಹಿಂದೆ ಸರಿಸಿದರೆ ಆತು ಎಂದರು. ಅಷ್ಟಕ್ಕೆ ನಾನು ಸೋತೆ. ಆದರೆ ಹೊಸದು ಬೇಡ, ಬೇರೆಯವರು ಸವೆಸಿಕೊಟ್ಟದ್ದನ್ನು ಕೊಳ್ಳೋಣ, ಬೀಳುವ ಬೆಲೆ ಅವರ ಕೈಯಲ್ಲೇ ಬೀಳಲಿ ಎಂದು ಹಟ ಹಿಡಿದೆ. ಅಲ್ಲಿ ನಾನು ಗೆದ್ದೆ.

ಭಟ್ಕಳದ ಪಕ್ಕದ ಹೆಬಳೆಯಲ್ಲಿ ಅಂಥದೊಂದು ಕಾರು ಸಿಕ್ಕಿತು. ಬಟ್ಟೆ ಅಂಗಡಿ ನಡೆಸಿ ನಿವೃತ್ತರಾದ ಹಿರಿಯ ಸಾಹೇಬರೊಬ್ಬರದು. ಕಪ್ಪಗೆ ಮಿರುಗುತ್ತಿತ್ತು, ಹೆಚ್ಚು ಓಡಿರಲಿಲ್ಲ. ಸೀಟಿನಲ್ಲಿ ಸಣ್ಣಗೆ ಅತ್ತರಿನ ಪರಿಮಳ. ಕಾಗದಪತ್ರ ಮುಗಿಸಿ, ಅವರು ಕೊಟ್ಟ ಚಹ ಕುಡಿದು, "ಬರ್ತೇವೆ" ಎಂದು ಎದ್ದೆವು. ನಮ್ಮ ಕಡೆ ಹೋಗುತ್ತೇವೆ ಎಂದು ಯಾರೂ ಹೇಳುವುದಿಲ್ಲ, ಅವರ ಮನೆಮಾತಿನಲ್ಲೂ ಹಾಗೆಯೇ. ಸಾಹೇಬರು ಗೇಟಿನ ತನಕ ಬಂದು ಕಾರಿನ ಬೆನ್ನಿಗೆ ಮೆಲ್ಲಗೆ ಎರಡು ಸಲ ತಟ್ಟಿ ಏನೋ ಹೇಳಿದರು. ನಾನು ಕಿವಿಗೊಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಗಂಡ ಒಬ್ಬರೇ ಕುಮಟೆಯ ಕಡೆ ಹೋಗಿ ಬಂದರು. ಬಂದವರು ಸ್ವಲ್ಪ ಸಪ್ಪಗಿದ್ದರು. ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದಿದ್ದರೂ ಬೆಲ್ಟ್ ಹಾಕಿ ಎಂಬ ಗಂಟೆ ಹೊಡೆಯಿತಂತೆ. ಕರ್ಕಿ ಸೇತುವೆಯಿಂದ ಧಾರೇಶ್ವರದವರೆಗೆ ಬಿಡದೆ ಟಿಣ್ ಟಿಣ್ ಟಿಣ್. ಬರುವಾಗ ಮಾತ್ರ ಸದ್ದಿಲ್ಲ. ಸೀಟಿನ ಅಡಿಗೆ ಭಾರ ಅಳೆಯುವ ಸೆನ್ಸರ್ ಇರುತ್ತದೆ, ಉಪ್ಪು ಗಾಳಿಗೆ ಕೆಟ್ಟಿರಬೇಕು ಎಂದು ಸಮಾಧಾನ ಹೇಳಿಕೊಂಡರು.

ಅತ್ತೆಗೆ ಈ ವಿಷಯ ಹೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಂಗಳದಲ್ಲಿ ಕಾರು ಚಾಲೂ ಮಾಡಿ, ಏಸಿ ಹಾಕಿ, ಅವರನ್ನು ಕೈಹಿಡಿದು ಕರೆದುಕೊಂಡು ಬಂದೆ. ಮುಂದಿನ ಬಾಗಿಲು ತೆರೆದೆ. ಅತ್ತೆ ಒಂದು ಕೈಯನ್ನು ಬಾಗಿಲಿಗೆ ಆನಿಸಿ, ಬಗ್ಗಿ, ಇನ್ನೇನು ಕೂರಬೇಕು. ಖಾಲಿ ಸೀಟು ಗಂಟೆ ಹೊಡೆಯಿತು.

"ಎಂತ ಅದು?" ಎಂದರು ಅತ್ತೆ.

ಗಂಡ ಸ್ಟೇರಿಂಗ್ ಹಿಡಿದುಕೊಂಡೇ ಹಲ್ಲು ಕಿರಿದರು. "ಕೂತವ್ರು ಬೆಲ್ಟ್ ಹಾಕವು ಹೇಳಿ ಹೊಡಿತು ಆಯಿ. ಎಂತದ್ದೂ ಇಲ್ಲೆ."

ಅತ್ತೆ ಖಾಲಿ ಸೀಟನ್ನೇ ನೋಡಿದರು. ನಾನೂ ನೋಡಿದೆ. ಚರ್ಮದ ಸೀಟಿನ ನಡುವೆ ಸ್ವಲ್ಪ ತಗ್ಗಿತ್ತು. ಯಾವ ಸೀಟಿನಲ್ಲಿ ತಗ್ಗು ಇರುವುದಿಲ್ಲ? ಅತ್ತೆ ಬಾಗಿಲಿನಿಂದ ಕೈ ತೆಗೆದು, ಯಾರದೋ ಕೋಣೆಗೆ ತಿಳಿಯದೆ ಹೊಕ್ಕವರ ಹಾಗೆ ಹಿಂದೆ ಸರಿದರು.

"ಆಗ್ಲೇ ಯಾರೋ ಕೂತಿದ್ದ," ಎಂದರು. "ಗುರ್ತಿಲ್ಲದ ಗಂಡಸಿನ ತೊಡೆ ಮೇಲೆ ಕೂರವಾ ಆನು?"

ಅತ್ತೆ ಪುಕ್ಕಲು ಹೆಂಗಸಲ್ಲ. ಹಾವು ಬಂದರೆ ಕೋಲು ಹುಡುಕುವ ಬದಲು ದಾರಿ ತೋರಿಸಿ ಕಳುಹಿಸುವವರು. ಅವರು ಹೆದರಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ. ಅವರು ಹೆದರಿರಲಿಲ್ಲ, ಸಂಕೋಚಪಟ್ಟಿದ್ದರು. ಅದಕ್ಕೆ ಏನು ಮಾಡುವುದು? ಹಿಂದಿನ ಸೀಟಿಗೂ ಅವರು ಒಪ್ಪಲಿಲ್ಲ. ಆ ವಾರ ಡಯಾಲಿಸಿಸ್‌ಗೆ ರಿಕ್ಷಾದಲ್ಲಿ ಹೋದೆವು. ಹೆದ್ದಾರಿಯ ಕುಲುಕಾಟಕ್ಕೆ ಅವರು ದಾರಿಯಲ್ಲೇ ವಾಂತಿ ಮಾಡಿಕೊಂಡರು. ಮುಂದಿನ ಸರದಿಗೆ ಬೆಳಗಾಗುತ್ತಲೇ "ಆನು ಬತ್ನಿಲ್ಲೆ" ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಸಂಜೆಗೆ ಕಾಲು ಊದಿ ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ಅಂಗಳದಲ್ಲಿ ಕಪ್ಪು ಕಾರು ಹೊಳೆಯುತ್ತ ನಿಂತಿತ್ತು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಸದನ್ನು ಕೊಂಡಿದ್ದರೆ ಅದರಲ್ಲಿ ಯಾರೂ ಕೂತಿರುತ್ತಿರಲಿಲ್ಲವಲ್ಲ ಎಂದು ಗಂಡ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಉಪಕಾರ ಮಾಡಿದರು.

ಗ್ಯಾರೇಜಿನವನು ಸೀಟು ಬಿಚ್ಚಿ ಒರೆಸಿ, ವೈರು ಬಿಗಿಮಾಡಿ, ಸೆನ್ಸರ್ ಬದಲಿಸಿ ಕೊಟ್ಟ. ನಾನೇ ಕಾರು ತೆಗೆದುಕೊಂಡು ಕಾಲೇಜಿಗೆ ಹೊರಟೆ. ಪಕ್ಕದ ಸೀಟಿನಲ್ಲಿ ಕೈಚೀಲ ಸಹ ಇಡಲಿಲ್ಲ. ಹಳದೀಪುರದವರೆಗೆ ಸುಮ್ಮನಿತ್ತು. ಅದನ್ನು ದಾಟಿದ್ದೇ ಟಿಣ್ ಎಂದು ಶುರುವಾಯಿತು. ರೇಡಿಯೋ ದೊಡ್ಡದು ಮಾಡಿದೆ. ಅದರ ಅಡಿಯಲ್ಲೂ ಕೇಳುತ್ತಿತ್ತು. ಕೊನೆಗೆ ರಸ್ತೆ ಬದಿಗೆ ನಿಲ್ಲಿಸಿ, ಕೈ ಚಾಚಿ, ಆ ಖಾಲಿ ಸೀಟಿನ ಬೆಲ್ಟನ್ನು ಎಳೆದು ಸಿಕ್ಕಿಸಿದೆ. ಸದ್ದು ನಿಂತಿತು. ಬೆಲ್ಟು ಸೀಟಿಗೆ ಅಂಟಿಕೊಳ್ಳಬೇಕಿತ್ತು. ನನ್ನ ಕಣ್ಣಿಗೆ ಅದು ಸ್ವಲ್ಪ ಉಬ್ಬಿದಂತೆ ಕಂಡಿತು. ಮತ್ತೆ ಕುಮಟೆ ಬರುವ ತನಕ ಎಡಗಡೆ ನೋಡಲಿಲ್ಲ. ಸಂಜೆ ತಿರುಗಿ ದಕ್ಷಿಣಕ್ಕೆ ಬರುವಾಗ ಬೆಲ್ಟು ಬಿಚ್ಚಿದ್ದೆ, ಒಂದು ಸದ್ದೂ ಇಲ್ಲ. ರಸ್ತೆಯ ಮೇಲೆ ಭಟ್ಕಳದಿಂದ ದೂರ ಹೋಗುವಾಗ ಮಾತ್ರ ಅದು ಹೊಡೆಯುತ್ತಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕಾರು ತಂದ ದಿನದ ಮಾತು ತೆಗೆದು ಮಗನನ್ನು ಕೇಳಿದರು. "ತಮಾ, ಗಾಡಿ ತಪ್ಪಕಾರೆ ಆ ಮನೆಯವ ಎಂತ ಹೇಳಿದ?"

"ಎಂತ ಹೇಳಿದ್ರು? ಕಾರಿಗೆ ತಟ್ಟಿ 'ಹೋಗಿ ಬಾ' ಹೇಳಿದ್ರು, ಅಷ್ಟೆ," ಎಂದರು ಇವರು ನಗುತ್ತ.

ಅತ್ತೆಯ ಕೈಯ ತುತ್ತು ಅಲ್ಲೇ ನಿಂತಿತು. "ಮಾರಿದ ದನಕ್ಕೆ ಯಾರಾದ್ರೂ ಹೋಗಿ ಬಾ ಹೇಳ್ತ್ವಾ? ಕೊಟ್ಟಿಗೆ ಬಿಟ್ಟು ಹೋಪದಕ್ಕೆ ಅದು ಒಪ್ಪದು ಹೆಂಗೆ? ಅರ್ಧ ಅಲ್ಲೇ ಇದ್ದು ಅದು. ನಾಳೆ ಯನ್ನ ಅಲ್ಲಿಗೆ ಕರ್ಕಂಡು ಹೋಗು. ಅವ್ರು ಬರೀ 'ಹೋಗು' ಹೇಳವು. ಆಮೇಲೆ ಆನು ಕೂತ್ಕತ್ತೆ."

ನಾನು ಪದವಿ ಪಡೆದವಳು, ನಗಬೇಕಿತ್ತು. ನಗು ಬರಲಿಲ್ಲ. ಬೆಳಿಗ್ಗೆ ಅವರನ್ನು ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕೂರಿಸಿ, ಊದಿದ ಕಾಲಿಗೆ ದಿಂಬು ಕೊಟ್ಟು ಹೊರಟೆವು. ನಾನು ಅವರ ಕಾಲ ಬಳಿ ಮುದುಡಿ ಕೂತೆ. ಮುಂದಿನ ಎಡಗಡೆಯ ಸೀಟು ಖಾಲಿ. ಶರಾವತಿ ಸೇತುವೆ ದಾಟಿತು, ಮಂಕಿ ದಾಟಿತು, ಮಾವಳ್ಳಿಯ ತಿರುವು ದಾಟಿತು. ಕಾರು ತುಟಿಪಿಟಕ್ಕೆನ್ನಲಿಲ್ಲ. ಮನೆಗೆ ಹೋಗುತ್ತಿರುವುದು ತಿಳಿದವರ ಸುಮ್ಮನಿರುವಿಕೆ ಅದು ಎಂದು ನನಗೆ ಅನ್ನಿಸಿತು.

ಸಾಹೇಬರು ಗೇಟಿನಲ್ಲೇ ಸಿಕ್ಕರು. ಕಾರು ಕೆಟ್ಟಿತೆಂದು ಜಗಳಕ್ಕೆ ಬಂದೆವೋ ಎಂದು ಮೊದಲು ಗಾಬರಿಯಾದರು. ಗಂಡ ತಡವರಿಸುತ್ತ ಗಂಟೆಯ ವಿಷಯ ಹೇಳಿದರು. ಸಾಹೇಬರ ಮುಖ ಬದಲಾಯಿತು.

"ಈಗ್ಲೂ ಹೊಡೀತದಾ?" ಎಂದು ಕೇಳಿದರು. ದೂರದ ಊರಿನಿಂದ ಬಂದವರನ್ನು ತಮ್ಮವರ ಸುದ್ದಿ ಕೇಳಿದಂತಿತ್ತು ಆ ಧ್ವನಿ.

ಆಮೇಲೆ ಅವರೇ ಹೇಳಿದರು. ಕಾರಿನ ಹುಚ್ಚು ಅವರದಲ್ಲ, ಅವರ ಹೆಂಡತಿಯದು. ವಯಸ್ಸಾದ ಮೇಲೆ ಜೋರಾಗಿ ಓಡುವ ಕಾರಿನಲ್ಲಿ ಕೂರುವ ಆಸೆ. ಮುಂದಿನ ಸೀಟೇ ಬೇಕು, ಆದರೆ ಬೆಲ್ಟು ಹಾಕುವುದಿಲ್ಲ, ಎದೆ ಕಟ್ಟುತ್ತದೆ ಎನ್ನುತ್ತಿದ್ದರಂತೆ. "ಅದು ಹೊಡೀತಾ ಇರ್ತಿತ್ತು, ಅವಳು ನಗ್ತಾ ಇರ್ತಿದ್ಲು. ನಿನ್ನ ಕಾರಿಗಿಂತ ನನಗೆ ಹಟ ಜಾಸ್ತಿ ಅಂತ." ಅದರ ಹಿಂದಿನ ರಂಜಾನಿಗೆ ಮೊದಲು ಆಕೆ ತೀರಿಕೊಂಡರು. ಆ ಸದ್ದಿಲ್ಲದೆ ಕಾರು ಓಡಿಸುವುದು ಆಗದೆ ಸಾಹೇಬರು ಮಾರಿದ್ದರು. ಆಕೆ ಹೋದ ಮೇಲೆ ಅವರ ಬಳಿ ಅದು ಒಂದು ಸಲವೂ ತಾನಾಗಿ ಹೊಡೆದಿರಲಿಲ್ಲವಂತೆ.

ಅವರು ಬಾಗಿಲು ತೆರೆದು ಡ್ರೈವರ್ ಸೀಟಿನಲ್ಲಿ ಕೂತರು. ಕೀಲಿ ತಿರುಗಿಸಿದರು. ತಲೆ ತುಸು ಎಡಕ್ಕೆ ವಾಲಿಸಿ ಕಾದರು. ಏನೂ ಹೊಡೆಯಲಿಲ್ಲ. ಅವರು ಇಳಿದು ಬರುವಾಗ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಅತ್ತೆ ಹಿಂದಿನ ಸೀಟಿನಿಂದಲೇ ಮೆಲ್ಲಗೆ ಕೇಳಿದರು. "ಸಾಹೇಬ್ರೆ, ಒಂದ್ಸಲ 'ಹೋಗು' ಅಂತ ಹೇಳಿಬಿಡಿ. ಹಂಗೆ ಹೇಳದೆ ಅದು ಹೋಗ್ತಿಲ್ಲೆ."

ಸಾಹೇಬರು ಕಾರಿನ ಚಾವಣಿಯ ಮೇಲೆ ಕೈಯಿಟ್ಟರು. "ಅಮ್ಮಾ, ಮಣ್ಣು ಹಾಕುವಾಗ ಅವಳಿಗೇ ಹಂಗೆ ಹೇಳಿಲ್ಲ ನಾನು," ಎಂದರು. "ಈಗ ಹೆಂಗೆ ಹೇಳ್ಲಿ?"

ಅಲ್ಲಿಗೆ ಮುಗಿಯಿತು, ಕಾರು ಇಲ್ಲೇ ಬಿಟ್ಟು ಬಸ್ಸು ಹಿಡಿಯಬೇಕು ಎಂದುಕೊಂಡೆ. ಆದರೆ ಅತ್ತೆಯ ಮುಖದಲ್ಲಿ ಬೇರೇನೋ ಲೆಕ್ಕ ನಡೆದಿತ್ತು. ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. "ಹೆಂಗ್ಸನೇ ಅದು! ಹಂಗಾರೆ ಅಡ್ಡಿಲ್ಲೆ."

ನನ್ನ ಭುಜ ಹಿಡಿದು ಇಳಿದರು. ಮುಂದಿನ ಬಾಗಿಲು ತಾವೇ ತೆರೆದರು. ಬಸ್ಸಿನಲ್ಲಿ ಜಾಗ ಕೇಳುವಾಗಿನ ದನಿಯಲ್ಲೇ "ಚೂರು ಆಚೆ ಸರ್ಕ ಮಾರಾಯ್ತಿ" ಎಂದು ಖಾಲಿ ಸೀಟಿಗೆ ಹೇಳಿ, ಅರ್ಧ ಸೀಟಿನಲ್ಲಿ ಕೂತು, ಬೆಲ್ಟು ಸಿಕ್ಕಿಸಿಕೊಂಡರು. ಸಾಹೇಬರು ಗೇಟು ಹಿಡಿದು ನಿಂತು, ಈ ಸಲವೂ "ಹೋಗಿ ಬನ್ನಿ" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಅತ್ತೆ "ಬತ್ಯ" ಎಂದರು, ನಾವು ಬರುತ್ತೇವೆ ಎಂದು, ಇಬ್ಬರ ಪರವಾಗಿ. ಶಿರಾಲಿ ದಾಟುತ್ತಿದ್ದಂತೆ, ಬೆಲ್ಟು ಹಾಕಿದ್ದರೂ, ಟಿಣ್ ಎಂದಿತು. "ಅದು ಯಂಗಲ್ಲ," ತನಗೆ ಹೊಡೆದದ್ದಲ್ಲ ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು.

ನೇರ ಕುಮಟೆಗೆ ಹೋದೆವು. ಅಂದಿನಿಂದ ಅವರು ಒಂದು ಸರದಿಯನ್ನೂ ತಪ್ಪಿಸಲಿಲ್ಲ. ಯಾವಾಗಲೂ ಅರ್ಧ ಸೀಟು. ದಾರಿಯಲ್ಲಿ ತಗ್ಗುದನಿಯಲ್ಲಿ ಮಾತು. ಸೊಸೆಯ ಮೇಲೆ ದೂರು ಹೇಳುತ್ತಿದ್ದರೆಂದು ಗಂಡ ನನಗೆ ವರದಿ ಒಪ್ಪಿಸುತ್ತಿದ್ದರು. ನಾನು ಹಿಂದೆ ಕೂತ ದಿನ ಆ ಮಾತು ನಿಲ್ಲುತ್ತಿತ್ತು. ಒಮ್ಮೊಮ್ಮೆ ಅತ್ತರಿನ ಪರಿಮಳ ಹೆಚ್ಚಾದಂತೆ ಅನ್ನಿಸಿ ಕಿಟಕಿ ಇಳಿಸುತ್ತಿದ್ದೆ. ಅತ್ತೆ ಕೂಡಲೇ ಏರಿಸಲು ಹೇಳುತ್ತಿದ್ದರು.

ಎರಡು ಮಳೆಗಾಲ ಹಾಗೆ ಕಳೆಯಿತು. ಕಳೆದ ಚಳಿಗಾಲದಲ್ಲಿ ಅತ್ತೆ ಮನೆಯಲ್ಲೇ, ನಿದ್ದೆಯಲ್ಲಿ ಹೋದರು.

ಆಮೇಲೆ ಕಾರು ಹೊಡೆಯಲಿಲ್ಲ. ನಾನು ಒಬ್ಬಳೇ ಕಾಲೇಜಿಗೆ ಹೋಗುವಾಗ ಹಳದೀಪುರ ದಾಟುತ್ತಲೇ ಕಿವಿ ನೆಟ್ಟಗಾಗುತ್ತಿತ್ತು. ಏನೂ ಇಲ್ಲ. ಒಂದು ದಿನ ಬೇಕೆಂದೇ ಪುಸ್ತಕದ ಚೀಲವನ್ನು ಆ ಸೀಟಿನ ಮೇಲಿಟ್ಟೆ. ಟಿಣ್ ಎಂದಿತು. ಅದು ಬರೀ ಸೆನ್ಸರಿನ ಸದ್ದು ಎಂದು ನನಗೆ ಕೇಳಿದ ಕೂಡಲೇ ತಿಳಿಯಿತು. ಚೀಲ ತೆಗೆದು ಹಿಂದಕ್ಕೆಸೆದು, ಧಾರೇಶ್ವರದವರೆಗೆ ಅಳುತ್ತ ಓಡಿಸಿದೆ. ಇಬ್ಬರೂ ಒಟ್ಟಿಗೆ ಇಳಿದುಹೋಗಿದ್ದಾರೆ ಎಂದುಕೊಂಡೆ.

ಕಾರು ಮಾರೋಣ ಎಂದು ಗಂಡ ಹೇಳಿದಾಗ ನಾನು ಅಡ್ಡಮಾತು ಆಡಲಿಲ್ಲ. ಈ ಸಲ ಹೊಸದು ಕೊಳ್ಳೋಣ ಎಂದು ನಾನೇ ಹೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಬೆಲೆ ಬಿದ್ದರೆ ಬೀಳಲಿ. ಇನ್ನೊಬ್ಬರ ಮನೆಯ ಶಿಲ್ಕನ್ನು ಮತ್ತೆ ಮನೆಗೆ ತರುವ ಶಕ್ತಿ ನನಗಿರಲಿಲ್ಲ.

ಕೊಳ್ಳಲು ಬಂದವರು ಕುಮಟೆಯ ಕಡೆಯ ಒಬ್ಬ ಗುತ್ತಿಗೆದಾರರು. ಒಬ್ಬರೇ ಬಂದಿದ್ದರು. ಎಲ್ಲ ಮುಗಿದು ಅವರು ಕಾರು ಚಾಲೂ ಮಾಡಿದಾಗ ಸಂಜೆಯ ಬಿಸಿಲು ಮುಂದಿನ ಎಡ ಸೀಟಿನ ಮೇಲೆ ಬಿದ್ದಿತ್ತು. ಆ ತಗ್ಗು ಮೊದಲಿಗಿಂತ ಅಗಲವಾಗಿತ್ತು, ಎರಡು ಜನ ಕೂತೆದ್ದಷ್ಟು ಅಗಲ. ಬಾಯಿ ಮುಚ್ಚಿಕೊಂಡಿರಬೇಕು, ಏನೂ ಹೇಳಬಾರದು ಎಂದು ಬೆಳಗಿನಿಂದ ಮನಸ್ಸಿಗೆ ಹೇಳಿಕೊಂಡಿದ್ದೆ. ಕಾರು ಗೇಟಿನಿಂದ ಹೊರಗೆ ಮೂತಿ ಹಾಕುತ್ತಿದ್ದಂತೆ ನನ್ನ ಕೈ ತಾನಾಗಿ ಹೋಗಿ ಅದರ ಬೆನ್ನು ತಟ್ಟಿತು.

"ಹೋಗಿ ಬಾ," ಎಂದೆ.

ಕಾರು ರಸ್ತೆಗೆ ಇಳಿದು ಉತ್ತರಕ್ಕೆ ತಿರುಗಿತು. ತಿರುಗಿದ ಕೂಡಲೇ ನಿಂತಿತು. ಕಿಟಕಿಯ ಗಾಜು ಇಳಿಯಿತು. ಗುತ್ತಿಗೆದಾರರು ತಲೆ ಹೊರಗೆ ಹಾಕಿ ಕೂಗಿದರು.

"ನಾ ಬೆಲ್ಟ್ ಹಾಕೀನಲ್ರಿ ಮೇಡಂ, ಇದೆಂತಕ್ಕೆ ಹೊಡೀತದೆ?"