ಕಲ್ಯಾಣದುರ್ಗದ ದಾರಿಯಲ್ಲಿ ಎರಡು ಕೀಬೋರ್ಡ್

ರೈಲಿನಿಂದ ಹಿಂದೂಪುರದಲ್ಲಿ ಇಳಿದಾಗ ಬೆಳಗಿನ ಬಿಸಿಲೇ ಚುರುಗುಟ್ಟುತ್ತಿತ್ತು. ಕೊಳವೆಬಾವಿಗೆ ಕ್ಯಾಮೆರಾ ಇಳಿಸಿ ಒಳಗೇನಾಗಿದೆ ಎಂದು ಹೇಳುವುದು ನನ್ನ ಕೆಲಸ. ಬಯಲಿನಲ್ಲಿ ಲ್ಯಾಪ್‌ಟಾಪಿನ ಪರದೆ ಕಾಣಲೆಂದು ಟಾರ್ಪಾಲು ಹೊದ್ದು ಕೂರುತ್ತೇವೆ. ಆ ಕತ್ತಲೆಯಲ್ಲಿ ಕೀಬೋರ್ಡ್ ಕಾಣುವುದಿಲ್ಲ. ಅದಕ್ಕೇ, ಕೆಟ್ಟುಹೋದ ಹಳೆಯದರ ಬದಲು, ಕೀಬೋರ್ಡಿನಲ್ಲಿ ಬೆಳಕಿರುವ ಗಟ್ಟಿ ಲ್ಯಾಪ್‌ಟಾಪ್ ಹುಡುಕಿಕೊಂಡು ಬಂದಿದ್ದೆ.

ಕಾರ್ಖಾನೆಗಳ ಹಳೆಯ ಯಂತ್ರಗಳನ್ನು ರಿಪೇರಿ ಮಾಡಿ ಮಾರುವ ವೆಂಕಟರಮಣ ಎರಡನ್ನು ಮುಂದಿಟ್ಟರು. ಒಂದರದು ರಬ್ಬರ್ ಕೀಬೋರ್ಡ್. ಅಕ್ಷರಗಳೇ ಕೆಂಪಗೆ ಹೊಳೆಯುತ್ತಿದ್ದವು, ಆದರೆ ಒತ್ತಿದ್ದು ಬೆರಳಿಗೆ ತಿಳಿಯುತ್ತಿರಲಿಲ್ಲ. ಇನ್ನೊಂದರದು ನೀಲಿ ಬೆಳಕಿನ ಪ್ಲಾಸ್ಟಿಕ್ ಗುಂಡಿಗಳು, ಬೆರಳಿಗೆ ಹಿತ.

"ಎರಡೂ ಗಟ್ಟೀನೇ ಮೇಡಂ, ಬಣ್ಣ ಅಷ್ಟೇ ಬೇರೆ," ಅಂದರು.

ಹಾಗಿದ್ದರೆ ನೀಲಿಯದನ್ನೇ ಏಕೆ ಮತ್ತೆ ಮತ್ತೆ ನನ್ನತ್ತ ಸರಿಸುತ್ತಿದ್ದಾರೆ? ಕಲ್ಯಾಣದುರ್ಗದಾಚೆ ಅಂದು ನಾನು ಪರೀಕ್ಷಿಸಬೇಕಿದ್ದ ಬಾವಿಯ ಹತ್ತಿರ ಬಳಸಿ ನೋಡದೆ ಕೊಳ್ಳುವುದಿಲ್ಲ ಎಂದೆ. ತಕ್ಷಣ ಅಂಗಡಿಯ ಬಾಗಿಲೆಳೆದು ತಾವೂ ಹೊರಟರು. ನನ್ನ ಅನುಮಾನ ಇನ್ನೂ ಬಲವಾಯಿತು.

ಮಡಕಶಿರಾ ದಾಟಿ ಪಾವಗಡದಲ್ಲಿ ಬಸ್ಸು ಬದಲಿಸಿದೆವು. ಆಂಧ್ರದಿಂದ ಕರ್ನಾಟಕಕ್ಕೆ, ಅಲ್ಲಿಂದ ಮತ್ತೆ ಆಂಧ್ರಕ್ಕೆ. ಕೆಂಪಿನದು ಸೀಟಿನಡಿಯ ಧೂಳಿನಲ್ಲಿತ್ತು, ನೀಲಿಯದು ಬ್ಯಾಗಿನೊಳಗೆ ಅವರ ತೊಡೆಯ ಮೇಲೆ. ಪಕ್ಕದವರು ನೀರಿನ ಬಾಟಲಿ ತೆರೆದಾಗ ಅವರು ಬ್ಯಾಗನ್ನು ಆಚೆಗೆ ಎಳೆದುಕೊಂಡರು. ಕಲ್ಯಾಣದುರ್ಗದಲ್ಲಿ ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದು ಸೆಟ್ಟೂರಿನ ಕಡೆ ಹೋಗುವ ಜೀಪು ಹತ್ತಿದೆವು.

ನಾವು ಇಳಿದ ಊರಿನ ಕುಡಿಯುವ ನೀರಿನ ಕೊಳವೆಬಾವಿಯಲ್ಲಿ ಮೋಟಾರು ಸಿಕ್ಕಿಹಾಕಿಕೊಂಡಿತ್ತು. ನೀರಿಲ್ಲವೆಂದಾದರೆ ಬಾವಿಯನ್ನೇ ಮುಚ್ಚುವುದೆಂದು ತೀರ್ಮಾನವಾಗಿತ್ತು. ಊರಿಗೆ ನೀರು ಬಿಡುವ ಕೆಲಸದ ಲಕ್ಷ್ಮಕ್ಕ ನಮ್ಮನ್ನು ದುರುಗುಟ್ಟಿ ನೋಡಿದಳು.

"ಇಲ್ಲೇನೈತೆ ಅಂತ ನೀವ್ ಹೇಳಿದ್ದನ್ನ ನಾವ್ ನಂಬ್ಕೋಬೇಕಾ? ನಾನೂ ನೋಡ್ತೀನಿ ಕಣಮ್ಮ."

ಅವಳನ್ನೂ ಟಾರ್ಪಾಲಿನೊಳಕ್ಕೆ ಕರೆದುಕೊಂಡೆ. ಮೊದಲು ನೀಲಿಯದನ್ನು ತೆರೆದೆ. ಬೆಳಕೆಲ್ಲ ಗುಂಡಿಗಳ ಸಂದಿಯಲ್ಲೇ ಇತ್ತು, ಅಂಕಿಗಳು ಕಪ್ಪಗೇ ಉಳಿದವು. ಕ್ಯಾಮೆರಾವನ್ನು ಒಮ್ಮೆ ಇಳಿಸಿ ಮೇಲೆಳೆದು, ಗಾಜಿಗೆ ಮೆತ್ತಿದ್ದ ಮಣ್ಣು ತೊಳೆದಾಗ ಕೇಬಲ್ಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ವೆಂಕಟರಮಣ ಒಳಗೆ ನುಗ್ಗಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡರು.

"ನೀರ್ ಬಿದ್ರೆ ಹೋಯ್ತದೆ ಮೇಡಂ. ನೀರ್ ತಡೆಯೋ ಇದ್ರ ಕೀಬೋರ್ಡ್ ಹಾಳಾಗಿತ್ತು, ನಾನೇ ಬೇರೆ ಕೂರಿಸಿದ್ದೀನಿ."

ನಾನು ಕೆಂಪಿನದಕ್ಕೆ ಕೈಚಾಚಿದೆ. ಅದರ ಮೇಲೆ ಹನಿ ಬಿದ್ದರೂ ಒರೆಸಿದರೆ ಮುಗಿಯಿತು. ಆದರೆ ಆಳ ಬರೆಯುವಾಗ ಒಂದು ಸೊನ್ನೆ ಒತ್ತಿದರೂ ಪರದೆಯಲ್ಲಿ ಮೂಡಿರಲಿಲ್ಲ. ಆಮೇಲೆ ಪ್ರತಿ ಅಂಕಿಯನ್ನೂ ಬಾಯಲ್ಲಿ ಹೇಳಿ, ಪರದೆಯಲ್ಲಿ ಕಂಡ ಮೇಲೆಯೇ ಮುಂದುವರಿದೆ. ವಾಲಿ ನಿಂತ ಮೋಟಾರು ಕಂಡಿತು. ಅದರ ಪಕ್ಕದ ಸಂದಿನಲ್ಲಿ, ಕೆಳಗೆ, ಏನೋ ಮಿನುಗಿತು.

"ನೀರೇ ಅಲ್ವೇನಮ್ಮ?" ಲಕ್ಷ್ಮಕ್ಕ ಮೆಲ್ಲಗೆ ಕೇಳಿದಳು.

ಹೌದು, ಬೇಕಾದಷ್ಟಿದೆ, ಮೋಟಾರನ್ನು ಕೊಕ್ಕೆ ಹಾಕಿ ಎತ್ತಿಸಬಹುದು ಎಂದೆ. ಅವಳು ಬಹಳ ಹೊತ್ತು ಪರದೆಯ ಮುಂದಿನಿಂದ ಏಳಲೇ ಇಲ್ಲ.

ಕೆಂಪಿನದನ್ನು ಕೊಂಡೆ. ವಾಪಸು ಬಸ್ಸಿನಲ್ಲಿ, ನೀಲಿಯದನ್ನು ಕೊಳ್ಳುವವರಿಗೆ ನೀರಿನ ವಿಷಯ ತಿಳಿಸುತ್ತೀರಾ ಎಂದು ವೆಂಕಟರಮಣರನ್ನು ಕೇಳಿದೆ.

"ಕೇಳಿದ್ರೆ ಹೇಳ್ತೀನಿ ಮೇಡಂ," ಅಂದರು.

ಬೆಳಿಗ್ಗೆ ಅಂಗಡಿಯಲ್ಲಿ ಬಣ್ಣ, ಬೆಳಕು, ಗುಂಡಿಯ ಹಿತ ಎಲ್ಲವನ್ನೂ ವಿಚಾರಿಸಿದ್ದೆ. ನೀರಿನ ಮಾತನ್ನು ನಾನೂ ಕೇಳಿರಲಿಲ್ಲ.